ಒಂದೆಳೆಯ ಹಾಸು

ಮಂಜವ್ವ ನನ್ನ ಅಜ್ಜಿಯ ಅಕ್ಕ. ಬೆಟಗೇರಿಯ ನೇಕಾರರ ಮನೆಯ ಮಗಳು. ಹದಿನಾರಕ್ಕೆ ಮದುವೆಯಾಗಿ ಶಿರಹಟ್ಟಿಯ ಆಚೆಗಿನ ಹುಲಸಕೊಪ್ಪಕ್ಕೆ ಹೋದಳು. ಕಪ್ಪತಗುಡ್ಡ ಅಲ್ಲಿಂದ ಮೂಡಣಕ್ಕೆ ಒಂದು ಹರದಾರಿ. ಬೆಳಗಿನ ಸೂರ್ಯ ಆ ಊರಿಗೆ ಗುಡ್ಡ ಹತ್ತಿ ಇಳಿದೇ ಬರಬೇಕು.

ಅವಳು ಮೂವತ್ತೈದು ವರ್ಷ ಬಾಳಿದ ಮನೆ ಮನೆಯೆಂದು ಕಟ್ಟಿದ್ದಲ್ಲ. ದೇವರಿಲ್ಲದ ಒಂದು ಹಳೆಯ ಕಲ್ಲಿನ ಗುಡಿ. ಪ್ಲೇಗಿನ ವರ್ಷ ಊರ ಜನ ಹೊಲದಲ್ಲಿ ಗುಡಿಸಲು ಹಾಕಿಕೊಂಡಾಗ ಅವಳ ಗಂಡನ ಅಜ್ಜ ಮಾತ್ರ ಊರಂಚಿನ ಈ ಗುಡಿಯನ್ನು ಹೊಕ್ಕ. ನೂಲಿಗೆ ಮಳೆ ತಾಗಬಾರದೆಂಬುದು ಅವನ ಚಿಂತೆ. ಬೇನೆ ಹೋದ ಮೇಲೆ ಉಳಿದವರು ಮರಳಿದರು, ಅವನು ಮರಳಲಿಲ್ಲ. ಒಳಗೆ ಗರ್ಭಗುಡಿಯಲ್ಲಿ ಒಂದು ಕುಣಿ ಇತ್ತು. ನಿಧಿಯ ಆಸೆಗೆ ಯಾರೋ ಎಂದೋ ಪೀಠವನ್ನು ಹಿಂದಿನ ಗೋಡೆಗೆ ತಳ್ಳಿ ಅಗೆದದ್ದು, ಸೊಂಟದಾಳ. ಕಾಲು ಇಳಿಬಿಟ್ಟು ಕೂತು ಮಗ್ಗ ತುಳಿಯುವವನಿಗೆ ಬೇಕಾದದ್ದೂ ಅಷ್ಟೇ ಆಳ. ಕಳ್ಳರು ಬಿಟ್ಟುಹೋದ ಕುಣಿಯಲ್ಲಿ ಅಜ್ಜ ಮಗ್ಗ ಹೂಡಿದ.

ಊರವರು ಅದನ್ನು ಸೊಟ್ಟ ಗುಡಿ ಎನ್ನುತ್ತಿದ್ದರು. ಬೇರೆ ಗುಡಿಗಳು ನೆಟ್ಟಗೆ ಮೂಡಣಕ್ಕೆ ಮುಖ ಮಾಡಿದರೆ ಇದು ಬಡಗಣಕ್ಕೆ ತುಸು ಹೊರಳಿಕೊಂಡು, ಯಾರೋ ಕರೆದ ಕಡೆಗೆ ಅರ್ಧ ಕತ್ತು ತಿರುಗಿಸಿದಂತೆ ಕೂತಿತ್ತು. ಓಣಿಯ ಸಾಲಿಗೆ ಅದು ಕೂಡುತ್ತಿರಲಿಲ್ಲ. ಕಟ್ಟಿದವನು ಕುಡಿದಿದ್ದನೆಂದು ಒಬ್ಬರು, ಒಂಟಿಗಣ್ಣಿನವನಿದ್ದನೆಂದು ಇನ್ನೊಬ್ಬರು. ಹೊಸ ಸೊಸೆಗೆ ನೀರಿನ ಬಾವಿಯ ಬಳಿ ಸಿಕ್ಕ ಹೆಸರೂ ಅದೇ, ಸೊಟ್ಟ ಗುಡಿಯವಳು.

ಗಂಡ ತಿರಕಪ್ಪ ಮೆತ್ತಗಿನ ಮನುಷ್ಯ. ನೂಲಿನ ಧೂಳು ಎದೆಗೆ ಹೊಕ್ಕು ಮೂವತ್ತಕ್ಕೇ ಕೆಮ್ಮು ಹಿಡಿಯಿತು. ಆಮೇಲೆ ಕುಣಿಗೆ ಇಳಿದವಳು ಮಂಜವ್ವ. ಅವನು ಮೇಲೆ ಕೂತು ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುತ್ತಿದ್ದ, ಅವಳು ಲಾಳಿ ಎಸೆಯುತ್ತಿದ್ದಳು.

ಸ್ವಾತಂತ್ರ್ಯಕ್ಕೆ ಎರಡು ವರ್ಷ ಮೊದಲು ಮೈದುನ ಅಂದಾನಪ್ಪ ಪಾಲು ಕೇಳಿದ. ಪಂಚರು ಬಂದು ಗುಡಿಯ ನಡುವೆ ನಿಂತು ಹಿಂದೆ ಮುಂದೆ ನೋಡಿದರು. ಅಂದಾನಪ್ಪನಿಗೆ ನಾಲ್ಕು ಮಕ್ಕಳು, ತಿರಕಪ್ಪನಿಗೆ ಇಲ್ಲ. ಮಕ್ಕಳಿದ್ದವರಿಗೆ ಗಾಳಿ ಬೆಳಕು ಬೇಕು ಎಂದರು ಪಂಚರು. ಬಾಗಿಲಿದ್ದ ಮುಂದಿನ ಅರ್ಧ ತಮ್ಮನಿಗೆ ಹೋಯಿತು, ಗರ್ಭಗುಡಿಯಿದ್ದ ಹಿಂದಿನ ಅರ್ಧ ಅಣ್ಣನಿಗೆ. ನಡುವೆ ಕಂಬದಿಂದ ಕಂಬಕ್ಕೆ ಮಣ್ಣಿನ ಗೋಡೆ ಎದ್ದಿತು. ಹಿಂದಿನವರು ಹೊರಗೆ ಹೋಗುವುದಕ್ಕೆಂದು ತೆಂಕಣ ಗೋಡೆಯ ಕಲ್ಲಿನ ಜಾಲರಿಯನ್ನು ಕಿತ್ತು ಕಂಡಿ ಮಾಡಿದರು. ಅದರಲ್ಲಿ ನಿಂತು ಹೋಗಲಾಗದು, ಕುಳಿತೇ ದಾಟಬೇಕು. ಹೊರಗೆ ಕಂಡಿಗೆ ಅಡ್ಡಲಾಗಿ ಪಕ್ಕದವರ ಮೇವಿನ ಬಣವೆ. ಮಧ್ಯಾಹ್ನಕ್ಕೂ ಒಳಗೆ ಎಣ್ಣೆಯ ಬುಡ್ಡಿ ಉರಿಯಬೇಕಾಯಿತು.

ಒಂದು ತೊಡಕು ಉಳಿಯಿತು. ಸೀರೆಯ ಉದ್ದಕ್ಕೆ ಹಾಯುವ ಎಳೆಗಳಿಗೆ ಹಾಸು ಎನ್ನುತ್ತಾರೆ. ಅದು ಮಗ್ಗದಿಂದ ಹೊರಟು ಗುಡಿಯ ಉದ್ದಕ್ಕೂ ಚಾಚಿ, ಮುಂಬಾಗಿಲ ಒಳಗಿನ ಗೂಟಕ್ಕೆ ಬಿಗಿಯಬೇಕು. ಹಿಂದಿನ ಅರ್ಧದಲ್ಲಿ ಅಷ್ಟು ಉದ್ದವಿಲ್ಲ. ಹಾಗಾಗಿ ಗೋಡೆಯ ನಟ್ಟನಡುವೆ, ಮೊಣಕಾಲೆತ್ತರದಲ್ಲಿ, ಒಂದು ಗೇಣು ಚೌಕದ ಕಿಂಡಿ ಬಿಟ್ಟರು. ಪಾಲಿನ ವಾಟ್ನಿ ಪತ್ರದಲ್ಲಿ ಊರ ಕುಲಕರ್ಣಿ ಬರೆದ: "ಹಾಸು ಹಾದಿರುವ ತನಕ ಕಿಂಡಿಯನ್ನು ಮುಚ್ಚತಕ್ಕದ್ದಲ್ಲ."

ಗೋಡೆ ಒಣಗಿದ ಮುಂದಿನ ವರ್ಷ, ಅಶ್ವಿನಿ ಮಳೆಯ ನಾಲ್ಕನೆಯ ದಿನ ಬೆಳಿಗ್ಗೆ ಮಂಜವ್ವ ಕುಣಿಯಲ್ಲಿ ಕೂತಿದ್ದಾಗ ಅವಳ ಎಡಗೈ ಕೆಂಪಾಯಿತು. ಬುಡ್ಡಿ ಬಿತ್ತೆಂದು ಬೆಚ್ಚಿದಳು. ಬುಡ್ಡಿ ಬಿದ್ದಿರಲಿಲ್ಲ. ಅಂದಾನಪ್ಪನ ಹೆಂಡತಿ ದೇವವ್ವ ಆಚೆ ಮುಂಬಾಗಿಲು ತೆರೆದು ಅಂಗಳ ಗುಡಿಸಲು ಹೋಗಿದ್ದಳು. ಗುಡ್ಡದಿಂದ ಹೊರಟ ಬಿಸಿಲು ಬಾಗಿಲು ಹೊಕ್ಕು, ಕಿಂಡಿ ದಾಟಿ, ಕತ್ತಲೆಯಲ್ಲಿ ಒಂದು ಸಣ್ಣ ಪಟ್ಟಿಯಾಗಿ ಬಂದಿತ್ತು. ಒಂದು ಕಂಡಿಕೆ ನೂಲು ಮುಗಿಯುವಷ್ಟು ಹೊತ್ತು ಇದ್ದು ಹೋಯಿತು.

ಮಾರನೆಯ ದಿನ ಅದು ಮೂರು ಬೆರಳು ಬಲಕ್ಕೆ ಸರಿದು ಬಂತು. ಅದರ ಮಾರನೆಯ ದಿನ ಇನ್ನೂ ಮೂರು ಬೆರಳು. ಎಂಟನೆಯ ದಿನ ಎದೆಯ ನಡುವೆ ಬಿತ್ತು. ಅಂದು ಪಟ್ಟಿ ಎಲ್ಲ ದಿನಕ್ಕಿಂತ ಅಗಲವಾಗಿತ್ತು, ಕಿಂಡಿಯ ಎರಡೂ ಅಂಚು ಮುಟ್ಟಿಕೊಂಡು. ಮಗ್ಗದ ಮೇಲಿನ ಎಳೆಗಳೆಲ್ಲ ಒಮ್ಮೆಗೇ ಹೊಳೆದವು. ಅವಳು ಲಾಳಿ ಎಸೆಯುವುದನ್ನು ಮರೆತು ಕೂತಳು. ಹನ್ನೆರಡನೆಯ ದಿನ ಬಲಗೈ ದಾಟಿ ಹೋಯಿತು. ಮತ್ತೆ ಮಘೆ ಮಳೆಯಲ್ಲಿ, ಮೋಡ ಬಿಟ್ಟುಕೊಟ್ಟರೆ, ಬಲದಿಂದ ಎಡಕ್ಕೆ ಮರಳುತ್ತಿತ್ತು.

ಅಕ್ಷರ ಬಾರದ ಮಂಜವ್ವ ಒಂದು ನೂಲಿನಲ್ಲಿ ಗಂಟು ಹಾಕಿ ಇದನ್ನು ಲೆಕ್ಕವಿಟ್ಟಳು. ಯುಗಾದಿ ಒಂದು ವರ್ಷ ಮೊದಲು, ಒಂದು ವರ್ಷ ತಡ. ಹಬ್ಬಗಳೆಲ್ಲ ಹಿಂದೆ ಮುಂದೆ ಜರುಗುತ್ತವೆ. ಅಶ್ವಿನಿಯ ಎಂಟನೆಯ ದಿನ ಮಾತ್ರ ಜರುಗಲಿಲ್ಲ. ಹೊರಗೆ ಹೋಗಿ ನೋಡಿದಾಗ ಅವಳಿಗೆ ತಿಳಿಯಿತು: ಅಂದು ಸೂರ್ಯ ಕಪ್ಪತಗುಡ್ಡದ ಎರಡು ಕೋಡುಗಳ ನಡುವಿನ ತಗ್ಗಿನಲ್ಲಿ ಹುಟ್ಟುತ್ತಾನೆ. ಗುಡಿಯ ಬಾಗಿಲು ಆ ತಗ್ಗನ್ನು ನೋಡಿಕೊಂಡು ಕೂತಿದೆ. ಕಟ್ಟಿದವನು ಕುಡಿದಿರಲಿಲ್ಲ.

ಇದನ್ನು ಅವಳು ಗಂಡನಿಗೂ ಹೇಳಲಿಲ್ಲ. ಹೇಳಿದರೆ ಅದನ್ನೂ ವಾಟ್ನಿಗೆ ಹಚ್ಚುತ್ತಾರೆ ಎಂದು ಎಷ್ಟೋ ವರ್ಷದ ಮೇಲೆ ನನ್ನ ಅಜ್ಜಿಯ ಮುಂದೆ ಅಂದಿದ್ದಳಂತೆ. ವರ್ಷದಲ್ಲಿ ಹತ್ತು ಹದಿನೈದು ಬೆಳಗು, ಒಂದೊಂದು ಕಂಡಿಕೆಯಷ್ಟು ಹೊತ್ತು. ಉಳಿದದ್ದೆಲ್ಲ ಬುಡ್ಡಿಯ ಬೆಳಕು, ಕೆಮ್ಮಿನ ಸದ್ದು, ಕಲ್ಲಿನ ತಣ್ಣಗಿನ ಬೆನ್ನು.

ಶಿರಹಟ್ಟಿಯ ಕಚೇರಿಯ ಮೇಲಿನ ಸಾಂಗಲಿ ಸಂಸ್ಥಾನದ ಬಾವುಟ ಇಳಿದು ಅದು ಮುಂಬೈ ಪ್ರಾಂತ್ಯಕ್ಕೆ ಸೇರಿತು. ಆ ಹೊತ್ತಿಗೆ ನೇಕಾರಿಕೆಯೂ ಬದಲಾಯಿತು. ಬೆಟಗೇರಿಯಲ್ಲೇ ಹಾಸು ಮಾಡಿ, ಮರದ ದಿಂಡಿಗೆ ಸುತ್ತಿ, ನೂಲು ಸಾಗಿಸುವ ಮೌಲಾಸಾಬನ ಗಾಡಿಯಲ್ಲಿ ಹಳ್ಳಿಗೆ ಕಳಿಸತೊಡಗಿದರು. ಸುತ್ತಿ ಬಂದದ್ದನ್ನು ಉದ್ದಕ್ಕೆ ಚಾಚುವ ಅಗತ್ಯವಿಲ್ಲ. ಕಿಂಡಿಯಲ್ಲಿ ಹಾಸು ಹಾಯುವುದು ನಿಂತಿತು.

ದೇವವ್ವನಿಗೆ ಅದೇ ಬೇಕಿತ್ತು. ಕಿಂಡಿಯಿಂದ ಇಲಿ ಬರುತ್ತವೆ ಎಂದಳು. ಆಮೇಲೆ ಇಲಿಯ ಮಾತು ಬಿಟ್ಟು, ಅಕ್ಕನ ಕಣ್ಣು ತನ್ನ ಒಲೆಯ ಮೇಲಿನ ಗಡಿಗೆಯ ಮೇಲೇ ಇರುತ್ತದೆ, ಅದಕ್ಕೇ ಸಾರು ಉಕ್ಕುತ್ತದೆ ಎಂದಳು. ಅಂದಾನಪ್ಪ ಮಣ್ಣು ಕಲಸಿಟ್ಟು ಪಂಚರನ್ನು ಕರೆದ. ಪತ್ರ ಓದಿಸಿದರು. ಹಾಸು ಹಾದಿಲ್ಲ, ಮುಚ್ಚಬಹುದು ಎಂಬುದು ಎಲ್ಲರಿಗೂ ಕಂಡಿತು. ಪಂಚರಲ್ಲಿ ಹಿರಿಯನಾಗಿದ್ದ ಮೌಲಾಸಾಬ ಕಿಂಡಿ ನೋಡುವುದಕ್ಕೆ ಬಗ್ಗಿದವನು ಹಾಗೇ ನಿಂತ. ಗೂಟದಿಂದ ಕಿಂಡಿಯ ನಡುವಿಗೆ, ಕಿಂಡಿಯಿಂದ ಒಳಗಿನ ಕತ್ತಲೆಗೆ, ಒಂದು ಬಿಳಿ ಎಳೆ ಬಿಗಿಯಾಗಿ ಹಾದಿತ್ತು. ಬೆಳಿಗ್ಗೆ ದೇವವ್ವ ನೀರಿಗೆ ಹೋದಾಗ ಮಂಜವ್ವ ಬಂದು ಕಟ್ಟಿದ್ದಳು. ಮೌಲಾಸಾಬ ಬೆರಳಿನಿಂದ ಮೀಟಿದ. ಎಳೆ ಝುಂ ಎಂದಿತು.

"ಏನವಾ ಇದು, ಮಂಜವ್ವಾ?" ಎಂದ.

"ಹಾಸ್ರಿ," ಎಂದಳು ಗೋಡೆಯ ಆಚೆಯಿಂದ.

"ಒಂದ ಎಳಿ ಐತಲ್ಲ?"

"ಎಷ್ಟ ಎಳಿ ಇರಬೇಕಂತ ಪತ್ರದಾಗ ಬರದೈತೇನ್ರಿ?"

ಮೌಲಾಸಾಬ ಪತ್ರವನ್ನು ಇನ್ನೊಮ್ಮೆ ಓದಿಸಿದ. ಬರೆದಿರಲಿಲ್ಲ. ಅವನು ಗಡ್ಡ ಸವರಿಕೊಂಡು, ನಲವತ್ತು ವರ್ಷ ನೂಲು ಹೊತ್ತವನು ನಾನು, ಒಂದೆಳೆಯಾದರೂ ಹಾಸು ಹಾಸೇ ಎಂದು ಎದ್ದ. ಕಲಸಿಟ್ಟ ಮಣ್ಣಿನಿಂದ ಅಂದಾನಪ್ಪ ಒಲೆ ಸಾರಿಸಿಕೊಂಡ.

ಆ ಎಳೆ ಮೂರು ವರ್ಷ ಹಾಗೇ ಇತ್ತು. ಮಕ್ಕಳು ಎಡವಿದರು, ಕೋಳಿ ಸಿಕ್ಕಿಕೊಂಡಿತು. ಹರಿದಾಗಲೆಲ್ಲ ಮಂಜವ್ವ ಕಂಡಿಯಲ್ಲಿ ನುಸುಳಿ, ಸುತ್ತು ಹಾಕಿ ಬಂದು, ಗಂಟಿಕ್ಕಿ ಬಿಗಿದಳು. ಸಿಟ್ಟಿಗೆ ದೇವವ್ವ ಒಮ್ಮೆ ಕೂಸಿನ ಒದ್ದೆ ಲಂಗೋಟಿಯನ್ನು ಅದರ ಮೇಲೆ ಒಣಹಾಕಿದಳು. ಎಳೆ ಜೋತಿತೇ ಹೊರತು ಹರಿಯಲಿಲ್ಲ. ಅಶ್ವಿನಿ ಬಂದಾಗ ಬೆಳಕು ಮೊದಲು ಆ ಎಳೆಯ ಮೇಲೆ ಓಡಿಬರುತ್ತಿತ್ತು.

ಮುಂದಿನ ಶಿವರಾತ್ರಿಯ ಮಗ್ಗುಲಿಗೆ ಧಾರವಾಡದ ಕಡೆಯಿಂದ ಪ್ರಹ್ಲಾದರಾಯರು ಎಂಬ ನಕಾಶೆ ಬರೆಯುವವರು ಬಂದರು. ಸರಕಾರ ಹಳೆಯ ಕಟ್ಟಡಗಳ ಯಾದಿ ಮಾಡುತ್ತಿತ್ತು. ಮೂರು ಕಾಲಿನ ಮೇಜು, ಬಿಳಿ ಛತ್ರಿ, ದಿಕ್ಕು ತೋರುವ ಡಬ್ಬಿ. ಗೋಡೆಗಳನ್ನು ಅಳೆದರು, ಕಂಬಗಳನ್ನು ಎಣಿಸಿದರು. ಡಬ್ಬಿಯ ಮುಳ್ಳನ್ನು ಎರಡು ಸಲ ನೋಡಿ ಹುಬ್ಬು ಗಂಟಿಕ್ಕಿದರು.

ಊರವರು ಸುತ್ತ ನಿಂತಿದ್ದರು. ಕಟ್ಟಡ ಮೂಡಣಕ್ಕೆ ಸರಿಯಾಗಿ ಇಲ್ಲ, ಹನ್ನೆರಡು ಅಂಶದಷ್ಟು ಬಡಗಣಕ್ಕೆ ವಾಲಿದೆ, ಇಂಥ ದಿಕ್ಕು ತಪ್ಪಿದ್ದನ್ನು ಯಾದಿಗೆ ಸೇರಿಸಿ ಉಪಯೋಗವಿಲ್ಲ ಎಂದು ರಾಯರು ಹೇಳಿದಾಗ ಅವರಿಗೆಲ್ಲ ಸಮಾಧಾನವಾಯಿತು. ತಾವು ಹೇಳುತ್ತ ಬಂದದ್ದನ್ನೇ ಸರಕಾರವೂ ಹೇಳಿತ್ತು.

ಹಿಂದಿನ ಅರ್ಧ ಅಳೆಯುವುದಕ್ಕೆ ರಾಯರು ಟೊಪ್ಪಿಗೆ ತೆಗೆದು, ಕಂಡಿಯಲ್ಲಿ ಕುಳಿತು ದಾಟಿ ಒಳಗೆ ಬಂದರು. ಕಣ್ಣಿಗೆ ಕತ್ತಲೆ ಒಗ್ಗುವ ತನಕ ಸುಮ್ಮನೆ ನಿಂತರು. ಆಮೇಲೆ ಎಳೆಯನ್ನು ಕಂಡು ಅದೇನೆಂದು ಕೇಳಿದರು. ತಿರಕಪ್ಪ ಕೆಮ್ಮಿನ ನಡುವೆ ವಾಟ್ನಿಯ ಕತೆ ಹೇಳಿದ. ರಾಯರು ನಕ್ಕು, ಹಾಗಾದರೆ ಸೊಟ್ಟ ಗುಡಿಗೆ ನೆಟ್ಟಗಿನ ಎಳೆ ಎಂದರು.

ಆ ಮಾತಿಗೆ ಮಂಜವ್ವ ಬಾಯಿ ಬಿಟ್ಟಳು. ಏಳು ವರ್ಷ ಇಟ್ಟುಕೊಂಡದ್ದು ಒಂದು ಉಸಿರಿಗೆ ಬಂತು.

"ಗುಡಿ ಸೊಟ್ಟ ಇಲ್ರಿ. ಅಶ್ವಿನಿ ಎಂಟನೇ ದಿನ ಹೊತ್ತ ಹುಟ್ಟೂದು ಈ ಎಳಿ ಮ್ಯಾಲೆ."

ರಾಯರು ಅವಳ ಮುಖ ನೋಡಿದರು. ಗಂಟುಗಳ ನೂಲನ್ನು ಅವಳು ಗೂಡಿನಿಂದ ತೆಗೆದು ಕೊಟ್ಟಳು. ಇದು ನಾಲ್ಕನೆಯ ದಿನ, ಎಡಗೈ; ಇದು ಎಂಟು; ಇದು ಹನ್ನೆರಡು; ಇಲ್ಲಿಂದ ಮಘೆ, ತಿರುಗಿ ಬರುವುದು. ಅವರು ನೂಲನ್ನು ಬುಡ್ಡಿಯ ಹತ್ತಿರ ಹಿಡಿದು ಬೆರಳಿನಿಂದ ಒಂದೊಂದೇ ಗಂಟು ಸರಿಸಿದರು. ಮತ್ತೆ ಕಂಡಿಯಲ್ಲಿ ದಾಟಿ, ಮುಂದೆ ಹೋಗಿ, ಗೂಟದ ಹತ್ತಿರ ನೆಲಕ್ಕೆ ಕೆನ್ನೆ ಹಚ್ಚಿ, ಎಳೆಯ ಗುಂಟ ಬಾಗಿಲಿನಾಚೆ ನೋಡಿದರು. ಅಲ್ಲಿ ಕಪ್ಪತಗುಡ್ಡ, ಎರಡು ಕೋಡು, ನಡುವೆ ತಗ್ಗು.

ಅಂದು ಸಂಜೆಯವರೆಗೂ ಬರೆದರು. ಹೊರಡುವ ಮುನ್ನ ಹಾಳೆಯನ್ನು ಕಂಡಿಯ ಬಳಿ ತಂದು ಮಂಜವ್ವನಿಗೆ ತೋರಿಸಿದರು. ತನ್ನ ಮನೆಯನ್ನು ಅವಳು ಮೇಲಿನಿಂದ ನೋಡಿದ್ದು ಅದೇ ಮೊದಲು. ಕಂಬಗಳು ದುಂಡು ಚುಕ್ಕೆಗಳಾಗಿದ್ದವು. ಬಾಗಿಲ ಹಿಂದೆ ಬಾಗಿಲು, ಅದರ ಹಿಂದೆ ಬಾಗಿಲು. ಎಲ್ಲದರ ನಡುವೆ ಹಾದು, ಹಾಳೆಯ ಅಂಚಿನಲ್ಲಿ ಬರೆದ ಗುಡ್ಡದ ತಗ್ಗಿಗೆ ಮುಟ್ಟುವಂತೆ ಒಂದು ಕೆಂಪು ಗೆರೆ. ಅವಳು ಬಹಳ ಹೊತ್ತು ಹುಡುಕಿದಳು.

"ಗ್ವಾಡಿ ಎಲ್ಲೈತ್ರಿ?"

"ಅದನ್ನ ಬರದಿಲ್ಲ. ಅದು ಆಮೇಲಿಂದು. ಗುಡಿ ಕಟ್ಟಿದಾಗ ಇರಲಿಲ್ಲಲ್ಲ."

"ನಾ ಎಲ್ಲಿ ಕುಂಡರತೀನ್ರಿ ಇದರಾಗ?"

ರಾಯರು ಕೆಂಪು ಗೆರೆಯ ತುದಿಗೆ ಬೆರಳಿಟ್ಟರು. ಅಲ್ಲಿ ಪೀಠವಿದ್ದ ಜಾಗಕ್ಕೆ ಒಂದು ಸಣ್ಣ ಸೊನ್ನೆ ಬರೆದಿತ್ತು. ಅವಳೂ ಅದನ್ನು ಬೆರಳಿನಿಂದ ಮುಟ್ಟಿ ನೋಡಿದಳು.

ಹಾಳೆ ಮಡಿಸುತ್ತ ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ಅಶ್ವಿನಿಯ ಎಂಟನೆಯ ದಿನ ನಾನೇ ಬರುತ್ತೇನೆ. ಬೆಳಕು ಪೀಠದ ಜಾಗಕ್ಕೆ ಮುಟ್ಟಿದ್ದನ್ನು ಕಣ್ಣಾರೆ ಕಂಡರೆ ಬರೆಯುತ್ತೇನೆ. ಬರೆದರೆ ಸರಕಾರ ಇದನ್ನು ಕಾಯ್ದುಕೊಳ್ಳುತ್ತದೆ, ಗೋಡೆ ಒಡೆಯುತ್ತದೆ. ಆದರೆ ನೀವು ಯಾರೂ ಇಲ್ಲಿ ಇರುವಂತಿಲ್ಲ.

"ಎಲ್ಲಿ ಹೋಗೂದ್ರಿ?" ಎಂದ ತಿರಕಪ್ಪ.

ಎಲ್ಲಾದರೂ ಜಾಗ ಕೊಡಬಹುದು, ಅದು ಬೇರೆ ಕಚೇರಿಯ ಕೆಲಸ, ನನಗೆ ತಿಳಿಯದು ಎಂದರು ರಾಯರು. ಸುಳ್ಳು ಹೇಳುವ ಮನುಷ್ಯ ಅವರಾಗಿರಲಿಲ್ಲ.

ಆ ಎರಡು ತಿಂಗಳು ಮಂಜವ್ವನಿಗೆ ಗುಡಿ ಇನ್ನೂ ಕಿರಿದಾಯಿತು. ಗೋಡೆ ಕಟ್ಟುವಾಗ ಬಡಿದಾಡಿದ ಅಣ್ಣತಮ್ಮಂದಿರು ಗೋಡೆ ಉಳಿಸಿಕೊಳ್ಳುವುದಕ್ಕೆ ಒಂದಾದರು. ಎಂಟು ವರ್ಷದ ಮೇಲೆ ಒಂದೇ ಜಮಖಾನೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡರು. ದಾರಿ ಸುಲಭವಿತ್ತು. ಎಳೆ ತೆಗೆದರೆ ಹಾಸು ಮುಗಿದಂತೆ. ಹಾಸು ಮುಗಿದರೆ ಪತ್ರದ ಪ್ರಕಾರ ಕಿಂಡಿ ಮುಚ್ಚಬಹುದು. ಕಿಂಡಿ ಮುಚ್ಚಿದರೆ ಬೆಳಕು ಪೀಠಕ್ಕೆ ಮುಟ್ಟುವುದಿಲ್ಲ, ರಾಯರು ಕಾಣುವುದಿಲ್ಲ, ಬರೆಯುವುದಿಲ್ಲ. ಆದರೆ ಎಳೆಯನ್ನು ಮಂಜವ್ವನೇ ತೆಗೆಯಬೇಕು. ಬೇರೆಯವರು ಹರಿದರೆ ಪತ್ರ ಮುರಿದಂತಾಗುತ್ತದೆ ಎಂದು ಮೌಲಾಸಾಬ ಹೇಳಿದ್ದ.

ದೇವವ್ವ ದಿನಾ ಗೋಡೆಯ ಆಚೆಯಿಂದ ಅನ್ನುತ್ತಿದ್ದಳು. ನೆರಳಿದ್ದವರಿಗೆ ಬಿಸಿಲಿನ ಚಪಲ, ನಾಳೆ ನಾಲ್ಕು ಮಕ್ಕಳನ್ನು ಕಟ್ಟಿಕೊಂಡು ಬಿಸಿಲಲ್ಲೇ ಕೂಡ್ರಬೇಕಾದೀತು ಎಂದು. ಮಂಜವ್ವ ಲಾಳಿಯನ್ನು ಜೋರಾಗಿ ಎಸೆಯುತ್ತಿದ್ದಳು. ಹೋಗಬೇಕು ಎಂದು ಅವಳಿಗೆ ಅನ್ನಿಸುತ್ತಿತ್ತು. ಎಲ್ಲಿಗೆ ಎಂದು ಅನ್ನಿಸಿದಾಗ ಕಾಲು ಕುಣಿಯಲ್ಲೇ ಇರುತ್ತಿತ್ತು. ಬೆಟಗೇರಿಯ ತವರಿನಲ್ಲಿ ಮೂರು ಜನ ಅಣ್ಣಂದಿರು ಎರಡು ಮಗ್ಗದ ನಡುವೆ ಮಲಗುತ್ತಿದ್ದರು. ಹಾಳೆಯ ಮೇಲೆ ಗೋಡೆಯಿಲ್ಲದ ಗುಡಿ ಅವಳಿಗೆ ಕಣ್ಣು ಮುಚ್ಚಿದರೆ ಕಾಣುತ್ತಿತ್ತು. ಆ ಗುಡಿಯಲ್ಲಿ ಅವಳಿಗೆ ಜಾಗವಿರಲಿಲ್ಲ. ಗೋಡೆಯಿದ್ದ ಗುಡಿಯಲ್ಲಿ ಬೆಳಕಿಗೆ ಜಾಗವಿರಲಿಲ್ಲ.

ಆ ವರ್ಷ ಅಶ್ವಿನಿ ಹುಟ್ಟಿತು. ನಾಲ್ಕನೆಯ ದಿನ ಎಡಗೈ ಕೆಂಪಾಯಿತು. ಐದು, ಆರು. ಏಳನೆಯ ದಿನ ಬೆಳಕು ಬಂದು ಹೋದ ಮೇಲೆ ತಿರಕಪ್ಪ ಕಂಡಿಕೆ ಸುತ್ತುವುದನ್ನು ನಿಲ್ಲಿಸಿ ಕುಣಿಯ ಅಂಚಿಗೆ ಬಂದು ಕೂತ. ಅವನು ಒಮ್ಮೆಯೂ ಅವಳಿಗೆ ಹೀಗೆ ಮಾಡು ಎಂದು ಹೇಳಿದವನಲ್ಲ. ಅಂದೂ ಹೇಳಲಿಲ್ಲ.

"ನನಗ ಹೊಸಾ ಕುಣಿ ತೋಡಾಕ ಆಗೂದಿಲ್ಲ ಮಂಜೀ," ಎಂದ. "ಇನ್ನ ತೋಡಿದರ ಅವರಿವರು ನನಗ ತೋಡಬೇಕು."

ನಗಿಸುವುದಕ್ಕೆ ಅಂದದ್ದು. ನಗು ಬರುವುದರೊಳಗೆ ಕೆಮ್ಮು ಬಂತು. ಅದು ನಿಲ್ಲುವ ತನಕ ಅವಳು ಅವನ ಬೆನ್ನು ತಿಕ್ಕಿದಳು. ಆಮೇಲೆ ಕಂಡಿಯಲ್ಲಿ ದಾಟಿ, ಬಣವೆ ಸುತ್ತಿ, ದೇವವ್ವನ ಮುಂಬಾಗಿಲಿಗೆ ಹೋದಳು. ಗೂಟದ ಗಂಟು ಬಿಗಿಯಾಗಿ ಕೂತಿತ್ತು, ಹಲ್ಲಿನಿಂದ ಬಿಚ್ಚಬೇಕಾಯಿತು. ದೇವವ್ವ ಮೊರ ಹಿಡಿದುಕೊಂಡು ನೋಡುತ್ತ ನಿಂತಳು. ಮಂಜವ್ವ ಒಳಗೆ ಬಂದು ಎಳೆಯನ್ನು ಕಿಂಡಿಯಿಂದ ತನ್ನ ಕಡೆಗೆ ಎಳೆದುಕೊಳ್ಳುತ್ತ ಒಂದು ಖಾಲಿ ಕಂಡಿಕೆಗೆ ಸುತ್ತಿದಳು. ಗಂಟುಗಳು ಬೆರಳಿಗೆ ತಾಗಿದವು. ಮಧ್ಯಾಹ್ನಕ್ಕೆ ಅಂದಾನಪ್ಪ ಕಿಂಡಿಗೆ ಇಟ್ಟಿಗೆ ಇಟ್ಟು ಮಣ್ಣು ಮೆತ್ತಿದ. ಒಳಗಿನಿಂದ ಅವಳು ನೋಡುತ್ತಿದ್ದಂತೆ ಚೌಕ ಅರ್ಧವಾಯಿತು, ಗೆರೆಯಾಯಿತು, ಇಲ್ಲವಾಯಿತು.

ಪ್ರಹ್ಲಾದರಾಯರು ಹೇಳಿದಂತೆ ಎಂಟನೆಯ ದಿನ ಹೊತ್ತು ಹುಟ್ಟುವ ಮೊದಲೇ ಶಿರಹಟ್ಟಿಯಿಂದ ಬಂದರು. ಮುಂದಿನ ಅರ್ಧದಲ್ಲಿ ನಿಂತಾಗ ಅವರಿಗೆ ಹಸಿ ಮಣ್ಣು ಕಾಣಿಸಿತು. ಗುಡ್ಡದ ತಗ್ಗಿನಲ್ಲಿ ಸೂರ್ಯ ಎದ್ದ. ಬಿಸಿಲು ಬಾಗಿಲು ಹೊಕ್ಕು ಬಂದು ಗೋಡೆಯ ನಡುವಿನ ಹಸಿ ಮಣ್ಣಿನ ಚೌಕದ ಮೇಲೆ ನೆಟ್ಟಗೆ ಕೂತಿತು. ಸುತ್ತಲಿನ ಒಣ ಗೋಡೆಗಿಂತ ಆ ಚೌಕವೇ ಹೆಚ್ಚು ಹೊಳೆಯಿತು. ಅಂದಾನಪ್ಪ ಅದರ ಮುಂದೆ ಹೋಗಿ ನಿಲ್ಲಲು ನೋಡಿದ. ರಾಯರು ಅವನನ್ನು ಕೈಯಿಂದ ಸರಿಸಿದರು.

ಮಂಜವ್ವನನ್ನು ಕರೆಸಿದರು. ಅವಳು ಸೆರಗು ತಲೆಗೆ ಎಳೆದುಕೊಂಡು ಬಾಗಿಲ ಪಕ್ಕ ನಿಂತಳು.

"ಎಳಿ ಎಲ್ಲದ?"

"ಹಾಸು ಮುಗೀತ್ರಿ."

"ಮಂಜವ್ವ, ಬೆಳಕು ಒಳಗಿನ ತನಕಾ ಹೋಗೂದನ್ನ ನೀ ಖರೇನ ನೋಡೀಯೇನು? ನೀ ಹೂಂ ಅಂದ್ರ ನಾ ಗ್ವಾಡಿ ತಗಸ್ತೀನಿ. ಇಲ್ಲಾ ಅಂದ್ರ ಇದು ಬರೇ ಗ್ವಾಡಿ ಮ್ಯಾಲಿನ ಬಿಸಿಲು."

ಅಂದಾನಪ್ಪ, ದೇವವ್ವ, ಹಿಂದೆ ಕೆಮ್ಮು ತಡೆದುಕೊಂಡು ನಿಂತ ತಿರಕಪ್ಪ, ಎಲ್ಲರೂ ಅವಳನ್ನೇ ನೋಡಿದರು. ಅವಳು ನೆಲದ ಗೂಟವನ್ನು ನೋಡಿದಳು.

"ಇಲ್ರಿ," ಎಂದಳು. "ಒಳಗ ಕತ್ತಲಿ ಇರತೈತ್ರಿ. ಕುಂತ ಕುಂತ ಏನೇನೋ ಕಂಡಂಗ ಆಗತೈತಿ."

ರಾಯರು ಇದನ್ನು ನಂಬಬಾರದೆಂದು ಅವಳಿಗೆ ಆಸೆಯಿತ್ತು. ಸುಳ್ಳು ಹೇಳಿ ತನ್ನ ಪಾಲಿನದು ಮುಗಿಸಿದ್ದಾಯಿತು, ಇನ್ನು ಅವರು ನಂಬದಿದ್ದರೆ, ತಾವಾಗಿಯೇ ಆ ಮಣ್ಣನ್ನು ಕೆಡವಿದರೆ, ಅದು ತನ್ನ ತಪ್ಪಲ್ಲ. ಅಷ್ಟು ಸಣ್ಣ ಕಿಂಡಿಯೊಂದು ಅವಳ ಎದೆಯಲ್ಲಿ ತೆರೆದಿತ್ತು. ರಾಯರು ಅವಳನ್ನೂ ಹಸಿ ಮಣ್ಣನ್ನೂ ತಿರಕಪ್ಪನ ಬಾಗಿದ ಬೆನ್ನನ್ನೂ ನೋಡಿದರು. ಆಮೇಲೆ ಪುಸ್ತಕ ತೆಗೆದು, ನಿಂತಲ್ಲೇ, ದಿಕ್ಕು ತಪ್ಪಿದ ಕಟ್ಟಡ ಎಂದು ಬರೆದರು. ಬರೆದದ್ದನ್ನು ಊರವರಿಗೆ ಓದಿ ಹೇಳಿದರು.

ಹೋಗುವಾಗ ಚೀಲದಿಂದ ಆ ಹಾಳೆಯನ್ನು ತೆಗೆದು ಮಂಜವ್ವನ ಕೈಗೆ ಕೊಟ್ಟರು. ಕಚೇರಿಗೆ ಇದು ಬೇಡ ಎಂದರು. ಅವರು ನಂಬಿದರೋ, ನಂಬಿದಂತೆ ತೋರಿಸಿದರೋ, ಅವಳಿಗೆ ಕೊನೆಯ ತನಕ ತಿಳಿಯಲಿಲ್ಲ. ಯಾವುದಾದರೇನು, ಗೋಡೆ ಅದೇ ಎಂದಳಂತೆ ಅಜ್ಜಿಗೆ.

ಹಾಳೆಯನ್ನು ಅವಳು ಗಂಟಿನ ನೂಲಿನ ಜೊತೆ ಗೂಡಿನಲ್ಲಿಟ್ಟಳು. ಅಲ್ಲಿ ಅದನ್ನು ನೋಡಬೇಕೆಂದರೆ ಬುಡ್ಡಿ ಹಚ್ಚಬೇಕು. ನಾನು ಅದನ್ನು ನೋಡಿದಾಗ ಮಡಿಕೆಯಲ್ಲಿ ಹರಿದಿತ್ತು. ಕೆಂಪು ಗೆರೆ ಕಂದು ಬಣ್ಣಕ್ಕೆ ತಿರುಗಿತ್ತು. ಸೊನ್ನೆ ಇದ್ದ ಜಾಗ ಎಣ್ಣೆಯ ಬೆರಳು ತಾಗಿ ತಾಗಿ ತೆಳುವಾಗಿತ್ತು.

ತಿರಕಪ್ಪ ಆಮೇಲೆ ಮೂರು ವರ್ಷ ಬದುಕಿದ. ಅವನು ಹೋದ ವರ್ಷವೇ ಕನ್ನಡದ ಜನರೆಲ್ಲ ಒಂದು ರಾಜ್ಯವಾದರು. ಮುಂಬೈಯದು, ನಿಜಾಮನದು, ಸಂಸ್ಥಾನದ್ದು ಎಂದು ಬೇರೆ ಬೇರೆ ಇದ್ದ ಊರುಗಳ ನಡುವಿನ ಗಡಿಗಲ್ಲು ಕಿತ್ತರು ಎಂದು ಮೌಲಾಸಾಬ ಗದಗಿನಿಂದ ಸಿಹಿ ತಂದು ಹಂಚಿದ. ಮಂಜವ್ವನಿಗೂ ಒಂದು ಪೇಡೆ ಬಂತು. ಕಂಡಿಯಲ್ಲಿ ಕೈ ಚಾಚಿ ತೆಗೆದುಕೊಂಡಳು. ಹೊಸ ಸರಕಾರ ಹಳೆಯ ಯಾದಿಗಳನ್ನೇ ಮುಂದುವರಿಸಿತು. ಅದರಲ್ಲಿ ಸೊಟ್ಟ ಗುಡಿ ಇರಲಿಲ್ಲ. ಯಾರೂ ಅವಳನ್ನು ಎಬ್ಬಿಸಲು ಬರಲಿಲ್ಲ. ಕುಣಿಯಲ್ಲಿ ಕೂತು ಅವಳು ಇನ್ನೂ ಹದಿನೇಳು ವರ್ಷ ನೇಯ್ದಳು.

ವರ್ಷಕ್ಕೊಂದು ದಿನ ಮಾತ್ರ ಮುಂಜಾನೆ ಮಗ್ಗ ಸದ್ದು ಮಾಡುತ್ತಿರಲಿಲ್ಲ. ಅಶ್ವಿನಿಯ ಎಂಟನೆಯ ದಿನ ಅವಳು ಕಂಡಿಯಲ್ಲಿ ನುಸುಳಿ, ಬಣವೆ ಸುತ್ತಿ, ಅಂದಾನಪ್ಪನ ಹೊಸ್ತಿಲ ಹೊರಗೆ ಗುಡ್ಡಕ್ಕೆ ಬೆನ್ನು ಮಾಡಿ ನಿಲ್ಲುತ್ತಿದ್ದಳು. ಹೊತ್ತು ಹುಟ್ಟಿದಾಗ ಅವಳ ನೆರಳು ಬಾಗಿಲಿನಿಂದ ಒಳಗೆ ಚಾಚಿಕೊಂಡು, ಹಳೆಯ ಗೂಟವನ್ನು ದಾಟಿ, ಗೋಡೆಗೆ ಹೋಗಿ ಏರುತ್ತಿತ್ತು. ಅದರ ಎದೆ ಬೀಳುತ್ತಿದ್ದದ್ದು ಮೆತ್ತಿದ ಚೌಕದ ಮೇಲೆ.

ದೇವವ್ವನಿಗೂ ಆ ಹೊತ್ತಿಗೆ ವಯಸ್ಸಾಗಿತ್ತು, ಜಗಳದ ಬಾಯಿ ಮೆತ್ತಗಾಗಿತ್ತು. ಒಳಗೆ ಅಕ್ಕಿ ಆರಿಸುತ್ತ ಕೂತವಳು ಮೊರದ ಮೇಲೆ ಬಿದ್ದ ನೆರಳಿಗೆ ತಲೆ ಎತ್ತುತ್ತಿದ್ದಳು.

"ಅತ್ತಾಗ ಸರಿ ಅಕ್ಕಾ," ಎನ್ನುತ್ತಿದ್ದಳು. "ಬಾಗಲಾಗ ನಿಂತರ ಬೆಳಕ ಹೆಂಗ ಬರಬೇಕು."

ಮಂಜವ್ವ ಸರಿಯುತ್ತಿದ್ದಳು. ಬೆಳಕು ಒಳಗೆ ಹೋಗುತ್ತಿತ್ತು, ಗೋಡೆಯ ತನಕ.